ಹಿನ್ನೀರಿನ ಕೆಸರಿನಲ್ಲಿ ಎರಡು ಬಗೆಯ ಸ್ಟಿಂಟ್

ತುಂಗಭದ್ರಾ ಜಲಾಶಯ 1633 ಅಡಿಯ ಗರಿಷ್ಠ ಮಟ್ಟಕ್ಕೆ ತುಂಬಿರುವಾಗ ಕೊಪ್ಪಳದ ಕಡೆಯ ದಂಡೆಯಲ್ಲಿ ಸ್ಟಿಂಟ್ ಹುಡುಕಿ ಫಲವಿಲ್ಲ. ಕಾಲುವೆಗಳಿಗೆ ನೀರು ಹರಿದು, ಫೆಬ್ರುವರಿಯ ಹೊತ್ತಿಗೆ ಹಿನ್ನೀರು ಸರಿದು ಕೆಸರು ಬಯಲಾದ ಮೇಲೆಯೇ ಗುಬ್ಬಚ್ಚಿ ಗಾತ್ರದ ಈ ವಲಸೆ ಹಕ್ಕಿಗಳು ಅಲ್ಲಿ ಮೇಯಲು ಇಳಿಯುತ್ತವೆ. ಗೆಳೆಯರೊಬ್ಬರೊಡನೆ ನಸುಕಿನಲ್ಲೇ ಕೊಪ್ಪಳ ಬಿಟ್ಟು, ಗಿಣಿಗೇರಿ ದಾಟಿ, ಹುಲಿಗೆಮ್ಮನ ದರ್ಶನಕ್ಕೆ ಹೊರಟ ಗಾಡಿಗಳ ಸಾಲಿನಿಂದ ಬೇರೆಯಾಗಿ ಹಿನ್ನೀರಿನತ್ತ ಹೊರಳಿದೆವು.

ಬಿಸಿಲು ಬೆನ್ನಿಗೆ ಬರುವಂತೆ ಕುಳಿತೆವು. ಹತ್ತಿರದಲ್ಲೇ ಬಲೆ ಒಣಹಾಕುತ್ತಿದ್ದ ಮೀನುಗಾರರೊಬ್ಬರು, "ಇಷ್ಟ್ ಸಣ್ಣ ಹಕ್ಕಿ ನೋಡಾಕ ಇಷ್ಟ್ ದೊಡ್ಡ ದುರ್ಬೀನ್ ಬೇಕೇನ್ರಿ ಸರ?" ಎಂದರು. "ಸಣ್ಣದಕ್ಕ ಬೇಕ್ರಿ ಅಣ್ಣಾರ," ಎಂದು ಗೆಳೆಯರು ನಕ್ಕರು.

ಲಿಟಲ್ ಸ್ಟಿಂಟ್ ಮತ್ತು ಟೆಮ್ಮಿಂಕ್ ಸ್ಟಿಂಟ್ ಎರಡೂ ಉತ್ತರ ಯುರೋಪ್ ಹಾಗೂ ಸೈಬೀರಿಯಾದಲ್ಲಿ ಮರಿಮಾಡುತ್ತವೆ. ಎರಡನ್ನೂ 1812ರಲ್ಲಿ ವೈಜ್ಞಾನಿಕವಾಗಿ ವಿವರಿಸಿದವರು ಜರ್ಮನಿಯ ಲೈಸ್ಲರ್. ಗಾತ್ರದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಕಾಲಿನ ಬಣ್ಣವನ್ನೇ ನೆಚ್ಚುವವರು ಬಹಳ: ಲಿಟಲ್‌ನದು ಕಪ್ಪು, ಟೆಮ್ಮಿಂಕ್‌ನದು ಹಸಿರು ಬೆರೆತ ಹಳದಿ. ಆದರೆ ಹಿನ್ನೀರಿನ ಜಿಗುಟು ಕೆಸರು ಮೆತ್ತಿದ ಕಾಲು ಯಾವ ಬಣ್ಣವನ್ನೂ ತೋರಬಲ್ಲದಾದ್ದರಿಂದ, ಮೊದಲು ನೋಡಬೇಕಾದದ್ದು ಎದೆ ಮತ್ತು ನಡಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರಂಚಿನ ಗುಂಪು ಬಿಳಿ ಎದೆ ತೋರುತ್ತಾ, ಗಡಿಬಿಡಿಯಿಂದ ಓಡಾಡುತ್ತಾ, ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಕುಕ್ಕುತ್ತಿತ್ತು. ಅವು ಲಿಟಲ್ ಸ್ಟಿಂಟ್‌ಗಳು. ಅದರಿಂದಾಚೆ, ಹುಲ್ಲು ಚಿಗುರಿದ ತೇವದ ನೆಲದಲ್ಲಿ ಬಿಡಿಬಿಡಿಯಾಗಿದ್ದವುಗಳ ಬೆನ್ನು ಒಂದೇ ಸಮನಾದ ಬೂದುಗಂದು. ಅದೇ ಮಾಸಲು ಬಣ್ಣ ಎದೆಗೂ ಇಳಿದಿತ್ತು. ಕಾಲು ಮಡಿಸಿದಂತೆ ತಗ್ಗಿ, ಮೆಲ್ಲಗೆ ತೆವಳುತ್ತಾ ಮೇಯುವ ಆ ರೀತಿ ಟೆಮ್ಮಿಂಕ್‌ನದೇ.

ಆದರೂ ಹಳದಿ ಕಾಲಿನ ಲಾಂಗ್-ಟೋಡ್ ಸ್ಟಿಂಟ್ ಎಂಬ ಮೂರನೆಯದೊಂದಿದೆ. ಅದರ ಬೆನ್ನ ಮೇಲೆ ಗಾಢವಾದ ಗೆರೆಗಳಿರುತ್ತವೆ, ಕತ್ತು ನೀಳ. ದೂರದಲ್ಲಿ ಇವೆಲ್ಲ ಮಸುಕಾಗುವುದರಿಂದ ಬಾಲ ನೋಡದೆ ತೀರ್ಪು ಕೊಡಲು ಗೆಳೆಯರು ಒಪ್ಪಲಿಲ್ಲ. ಮಾರ್ಷ್ ಹ್ಯಾರಿಯರ್ ಎಂಬ ಬೇಟೆ ಹಕ್ಕಿಯೊಂದು ತಗ್ಗಿನಲ್ಲಿ ಹಾರಿಬಂದಾಗ ಆ ಅವಕಾಶ ಸಿಕ್ಕಿತು: ಲಿಟಲ್‌ಗಳು ಒಟ್ಟಾಗಿ ನೀರಿನ ಮೇಲೆ ಸರಿದವು, ಹುಲ್ಲಿನಲ್ಲಿದ್ದವುಗಳಲ್ಲಿ ಕೆಲವು ನಡುಗುದನಿಯಲ್ಲಿ ಟ್ರಿರ್‌ರ್ ಎನ್ನುತ್ತಾ ನೆಟ್ಟಗೆ ಮೇಲೇರಿದವು. ಬಾಲದ ಎರಡೂ ಅಂಚು ಅಚ್ಚ ಬಿಳಿ. ಲಿಟಲ್‌ಗೂ ಲಾಂಗ್-ಟೋಡ್‌ಗೂ ಅಲ್ಲಿ ಬೂದು ಬಣ್ಣವಿರುತ್ತದೆ. ಹಾಗೆ ಬಾಲ ಕಂಡವನ್ನು ಮಾತ್ರ ಟೆಮ್ಮಿಂಕ್ ಎಂದು ಬರೆದುಕೊಂಡು, ಹುಲ್ಲಿನಿಂದ ಏಳದೇ ಉಳಿದವನ್ನು ಬರೀ ಸ್ಟಿಂಟ್ ಎಂದೇ ದಾಖಲಿಸಿದೆವು.