ಕೊಟ್ಟಿಗೆಯಲ್ಲಿ ನಿಂತ ಆರ್15 ಅನ್ನು ಟ್ರ್ಯಾಕಿಗೆ ಇಳಿಸುವ ಮೊದಲು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಕೊಟ್ಟಿಗೆಗಳಲ್ಲಿ ಇಣುಕಿ ನೋಡಿದರೆ ಗೋಣಿಯೋ ಟಾರ್ಪಾಲೋ ಹೊದ್ದು ನಿಂತ ಹಳೇ ಬೈಕುಗಳು ಬೇಕಾದಷ್ಟು ಸಿಗುತ್ತವೆ. ಮಗ ಗಲ್ಫಿಗೆ ಹೋಗಿರುತ್ತಾನೆ, ಬೈಕು ಇಲ್ಲೇ ಉಳಿದಿರುತ್ತದೆ. ಅವುಗಳಲ್ಲಿ 2008ರಲ್ಲಿ ಬಂದ ಯಮಹಾ ಆರ್15ರ ಮೊದಲ ಮಾದರಿ ಕಂಡರೆ ಬಿಡಬೇಡಿ. 149.8 ಸಿಸಿ, ಕೂಲೆಂಟ್ (ತಂಪು ಮಾಡುವ ದ್ರವ) ಇರುವ ಎಂಜಿನ್, ಯಮಹಾದ ಗಟ್ಟಿ ಡೆಲ್ಟಾಬಾಕ್ಸ್ ಫ್ರೇಮ್, 17 ಪಿಎಸ್ ಶಕ್ತಿ. ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಕಲಿಯುವವರಿಗೆ ಇದಕ್ಕಿಂತ ಹೆಚ್ಚು ಶಕ್ತಿ ಬೇಕಾಗಿಲ್ಲ. ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿರುವ ಕರಿ ಮೋಟರ್ ಸ್ಪೀಡ್‌ವೇಯ ಸುತ್ತಳತೆ 2.1 ಕಿಲೋಮೀಟರ್, ಸಣ್ಣ ಬೈಕಿಗೆ ಹೇಳಿ ಮಾಡಿಸಿದ ಹಾಗಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ 3.7 ಕಿಲೋಮೀಟರಿಗೂ ತುಸು ಹೆಚ್ಚು. ಅದು ಆಮೇಲೆ ಸಾಕು.

ಮಾರುವವರು ಮೊದಲು ಹೇಳುವುದು ಓಡೋಮೀಟರಿನ ಸಂಖ್ಯೆ. ನಮ್ಮ ಊರಿನಲ್ಲಿ ಅದಕ್ಕೆ ಬೆಲೆಯಿಲ್ಲ. ಬೈಕು ಎಷ್ಟು ಮಳೆಗಾಲ ನಿಂತಿತ್ತು, ಎಲ್ಲಿ ನಿಂತಿತ್ತು, ಪಕ್ಕದಲ್ಲಿ ಏನಿತ್ತು ಎಂದು ಕೇಳಿ. ಅಡಿಕೆಗೆ ಸಿಂಪಡಿಸಲು ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸುವ ಡ್ರಮ್ಮಿನ ಪಕ್ಕ ನಿಂತಿದ್ದರೆ ಅಲಾಯ್ ಚಕ್ರಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಮೈಲುತುತ್ತಿನ ನೀರು ಅಲ್ಯೂಮಿನಿಯಂ ಮೇಲೆ ಬಿದ್ದರೆ ತಾಮ್ರ ಅಲ್ಲೇ ಕೂರುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರೆ ಇನ್ನೂ ವೇಗ. ಗುರುತು ಸುಲಭ: ಕೆಂಪು ಕಂದು ಚುಕ್ಕೆ, ಸುತ್ತ ಬಿಳಿ ಹುಡಿ. ಉಗುರಿಗೆ ಸಿಗದ ಚುಕ್ಕೆಯಾದರೆ ಉಜ್ಜಿ ಪೈಂಟ್ ಮಾಡಬಹುದು. ಕಡ್ಡಿಯ ಬುಡದಲ್ಲೋ ಟಯರ್ ಕೂರುವ ಅಂಚಿನಲ್ಲೋ ಗುಂಡಿ ಬಿದ್ದಿದ್ದರೆ ಆ ಚಕ್ರ ಟ್ರ್ಯಾಕಿಗೆ ಆಗದು. ರಬ್ಬರ್ ಶೀಟ್ ಮಾಡುವಲ್ಲಿ ಫಾರ್ಮಿಕ್ ಆಸಿಡ್ ಕ್ಯಾನಿನ ಹತ್ತಿರ ನಿಂತ ಬೈಕಾದರೆ ಸ್ಪ್ರಿಂಗು, ಕೇಬಲ್ಲು, ಬೋಲ್ಟುಗಳೆಲ್ಲ ಹೋಗಿವೆ ಎಂದೇ ಲೆಕ್ಕ ಹಾಕಿ ದರ ಮಾತಾಡಿ.

ಆರ್‌ಸಿಯ 15 ವರ್ಷ ಮುಗಿದಿರುತ್ತದೆ. ಟ್ರ್ಯಾಕಿಗೆ ಪಿಕಪ್‌ನಲ್ಲಿ ಒಯ್ಯುವುದಾದರೂ ಚಾಸಿ ನಂಬರ್ ತಾಳೆ ನೋಡಿ, ಕಾಗದ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮುಂದೆ ರಸ್ತೆಗೂ ಬೇಕು ಎಂಬ ಆಸೆಯಿದ್ದರೆ ಲೈಟು, ಇಂಡಿಕೇಟರ್ ಕಳಚುವ ಮೊದಲೇ ರಿನ್ಯೂವಲ್ ಮುಗಿಸಿ.

ಇನ್ನು ಬಿಚ್ಚುವ ಕೆಲಸ. ಉಪ್ಪು ಗಾಳಿಯಲ್ಲಿ ನಿಂತ ಬೈಕಿನಲ್ಲಿ ಅರ್ಧ ದಿನ ಹಾಳಾಗುವುದು ಇಲ್ಲಿಯೇ. ಅಲ್ಯೂಮಿನಿಯಂ ಕೇಸಿಗೆ ಹಾಕಿದ ಉಕ್ಕಿನ ಬೋಲ್ಟಿನ ಸುತ್ತ ಬಿಳಿ ಆಕ್ಸೈಡ್ ಕಟ್ಟಿ ಬಿಗಿದಿರುತ್ತದೆ. ಹಿಂದಿನ ದಿನ ಸಂಜೆಯೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಮರುದಿನ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು, ಹೀಟ್ ಗನ್‌ನಿಂದ ಕೇಸಿಗೆ ಬಿಸಿ. ಆಮೇಲೆ ಮೊದಲು ಒಂದು ಕೂದಲೆಳೆ ಬಿಗಿದು, ನಂತರ ಸಡಿಲಿಸಿ. ಕೇಸ್ ಸ್ಕ್ರೂಗಳಿಗೆ ಸಾದಾ ಪ್ಲಸ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಜಾರಿ ಉರುಟಾಗುತ್ತದೆ. ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಹಾಗಿದ್ದೂ ಒಂದೆರಡು ಮುರಿಯುತ್ತವೆ. ಎಂ6 (6 ಮಿಲಿಮೀಟರ್) ಅಳತೆಯ ಹೆಲಿಕಾಯಿಲ್ ಸೆಟ್, ಅಂದರೆ ಹಾಳಾದ ಎಳೆಯ ಜಾಗಕ್ಕೆ ಕೂರಿಸುವ ತಂತಿ ಸುರುಳಿ, ಮೊದಲೇ ತಂದಿಟ್ಟುಕೊಳ್ಳಿ. ತಿರುಗಿ ಹಾಕುವಾಗ ಬೋಲ್ಟಿನ ಎಳೆಗೆ ಆಂಟಿಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ. ಎಂ6 ಬೋಲ್ಟಿಗೆ 10 ನ್ಯೂಟನ್ ಮೀಟರ್ ಬಿಗಿ ಬೇಕಾದಷ್ಟಾಯಿತು. ಆಂಟಿಸೀಜ್ ಹಾಕಿದಾಗ ಅದಕ್ಕಿಂತ ತುಸು ಕಡಿಮೆಯೇ ಇರಲಿ, ಜಾರುವ ಎಳೆಯಲ್ಲಿ ಅಷ್ಟೇ ತಿರುಚಿದರೂ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ.

ಹೆಚ್ಚಿನವರು ಮೊದಲು ಎಂಜಿನ್ ಸ್ಟಾರ್ಟ್ ಮಾಡಲು ಹೊರಡುತ್ತಾರೆ. ಮನಸ್ಸು ತಡೆಯುವುದಿಲ್ಲ, ಸರಿ. ಆದರೆ ದುಡ್ಡು ಮತ್ತು ಸಮಯ ಮೊದಲು ಹೋಗಬೇಕಾದದ್ದು ಬ್ರೇಕಿಗೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಎಳೆಯುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ, ಹತ್ತು ಮಳೆಗಾಲ ಕಂಡದ್ದು ಅದಕ್ಕೂ ಕೆಳಗೆ. ರಸ್ತೆಯಲ್ಲಿ ಇದು ಗೊತ್ತೇ ಆಗದು. ಟ್ರ್ಯಾಕಿನಲ್ಲಿ ನಾಲ್ಕನೇ ಸುತ್ತಿಗೆ ಫ್ಲೂಯಿಡ್ ಕುದಿದು ಆವಿಯಾಗಿ ಲಿವರ್ ಹ್ಯಾಂಡಲಿಗೆ ತಾಗುತ್ತದೆ.

ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ಬಿಚ್ಚುವಾಗ ಹೋಸ್ ಕಳಚುವ ಮೊದಲೇ ಲಿವರ್ ಒತ್ತಿ ಒತ್ತಿ ಪಿಸ್ಟನ್‌ಗಳನ್ನು ಹೊರಗೆ ತನ್ನಿ. ಹೋಸ್ ತೆಗೆದ ಮೇಲೆ ಗಾಳಿ ಒತ್ತಡದಿಂದ ಹಾರಿಸಲು ಹೋದರೆ ಬೆರಳು ಜಜ್ಜಿಹೋಗುತ್ತದೆ. ಪಿಸ್ಟನ್ ಮೇಲೆ ಸೀಲ್ ಓಡಾಡುವ ಜಾಗದಲ್ಲಿ ತುಕ್ಕಿನ ಕಲೆ ಇದ್ದರೆ ಹೊಸ ಪಿಸ್ಟನ್ ಹಾಕಿ, ಉಜ್ಜಿ ಪ್ರಯೋಜನವಿಲ್ಲ. ಹೆಚ್ಚಿನವರ ಕಣ್ಣಿಗೆ ಬೀಳದ್ದು ಸೀಲ್ ಕೂರುವ ತೋಡು. ಸೀಲ್ ತೆಗೆದು ನೋಡಿ, ತೋಡಿನ ತಳದಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ ಗಟ್ಟಿಯಾಗಿರುತ್ತದೆ. ಅದು ಸೀಲನ್ನು ಒಳಮುಖವಾಗಿ ತಳ್ಳಿ ಪಿಸ್ಟನನ್ನು ಹಿಡಿದಿಡುತ್ತದೆ. ಹೊಸ ಸೀಲ್ ಹಾಕಿದ ಮೇಲೂ ಬ್ರೇಕ್ ಹಿಡಿದೇ ಇರುವುದು ಇದರಿಂದ. ಹಿತ್ತಾಳೆ ಕಡ್ಡಿಯಿಂದಲೋ ಬಿದಿರಿನ ಸೀಳಿನಿಂದಲೋ ಕೆರೆದು ತೆಗೆಯಿರಿ, ಉಕ್ಕಿನ ಮೊನೆ ಬೇಡ. ಸೀಲಿಗೆ ಹೊಸ ಬ್ರೇಕ್ ಫ್ಲೂಯಿಡನ್ನೇ ಸವರಿ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ.

ಮೇಲಿನ ಮಾಸ್ಟರ್ ಸಿಲಿಂಡರಿನ ತಳದಲ್ಲಿ ಎರಡು ತೂತುಗಳಿವೆ. ಒಂದು ದೊಡ್ಡದು, ಇನ್ನೊಂದು ಸೂಜಿ ಮೊನೆಯಷ್ಟು. ಸಣ್ಣದು ಕಟ್ಟಿಕೊಂಡರೆ, ಬಿಸಿಯಾಗಿ ಹಿಗ್ಗಿದ ಫ್ಲೂಯಿಡ್ ಹಿಂದಕ್ಕೆ ಬರಲು ದಾರಿಯಿಲ್ಲದೆ ಬ್ರೇಕ್ ತನ್ನಷ್ಟಕ್ಕೆ ಬಿಗಿಯುತ್ತಾ ಹೋಗುತ್ತದೆ, ಕೊನೆಗೆ ಮುಂದಿನ ಚಕ್ರವೇ ನಿಲ್ಲುತ್ತದೆ. ವಯರಿನ ಒಂದೇ ಒಂದು ಎಳೆ ತೂರಿಸಿ ಶುಚಿ ಮಾಡಿ. ಎಲ್ಲ ಜೋಡಿಸಿದ ಮೇಲೆ ಲಿವರನ್ನು ಮೆಲ್ಲನೆ ಒತ್ತಿ: ಫ್ಲೂಯಿಡ್ ಮೇಲ್ಮೈಯಲ್ಲಿ ಸಣ್ಣ ಬುಗ್ಗೆ ಎದ್ದರೆ ತೂತು ತೆರೆದಿದೆ. ಹಳೇ ರಬ್ಬರ್ ಹೋಸ್ ಒತ್ತಿದಾಗ ಹಿಗ್ಗುತ್ತದೆ. ಸ್ಟೀಲ್ ಹೆಣಿಗೆಯದ್ದು ಹಾಕಿ. ಡಿಸ್ಕ್ ಎಷ್ಟು ಸವೆಯಬಹುದು ಎನ್ನುವುದು ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ, ಮೈಕ್ರೋಮೀಟರ್ ಹಿಡಿದು ಅಳೆಯಿರಿ.

ಮುಂದಿನ ಫೋರ್ಕಿನ ಕೊಳವೆಯಲ್ಲಿ ತುಕ್ಕಿನ ಗುಂಡಿ ಎಲ್ಲಿದೆ ಎಂಬುದು ಮುಖ್ಯ. ಸೀಲ್ ಎಂದೂ ತಲುಪದ ಮೇಲ್ಭಾಗದಲ್ಲಿದ್ದರೆ ಎಣ್ಣೆ ಸವರಿ ಮರೆತುಬಿಡಿ. ಸೀಲ್ ಓಡಾಡುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಂತಿದ್ದರೆ ಹೊಸ ಸೀಲ್ ಮೊದಲ ದಿನವೇ ಹರಿಯುತ್ತದೆ, ಆ ಎಣ್ಣೆ ಸೋರಿ ಬೀಳುವುದು ಬ್ರೇಕ್ ಡಿಸ್ಕಿನ ಮೇಲೆ. ಒಂದೆರಡು ಸಣ್ಣ ಚುಕ್ಕೆಯಾದರೆ ಎಪಾಕ್ಸಿ ತುಂಬಿ 2000 ನಂಬರಿನ ಮರಳು ಕಾಗದದಿಂದ ನೀರು ಹಾಕಿ ಉಜ್ಜಿ ಸಮ ಮಾಡಬಹುದು. ಜಾಸ್ತಿಯಿದ್ದರೆ ಕೊಳವೆಯನ್ನೇ ಬದಲಿಸಿ. ಎಣ್ಣೆ ಎರಡೂ ಕಾಲಿಗೆ ಒಂದೇ ಮಟ್ಟಕ್ಕೆ ಬರಬೇಕು. ಒಳಗೆ ಹಳೇ ಎಣ್ಣೆ ಉಳಿದಿರುವುದರಿಂದ ಮಿಲಿಲೀಟರ್ ಅಳತೆಯೊಂದನ್ನೇ ನಂಬಬೇಡಿ, ಸ್ಪ್ರಿಂಗ್ ತೆಗೆದು ಫೋರ್ಕ್ ಪೂರ್ತಿ ಒತ್ತಿ ಬಾಯಿಯಿಂದ ಎಣ್ಣೆಯವರೆಗಿನ ಅಂತರ ಅಳೆಯಿರಿ.

ಬೇರಿಂಗುಗಳಲ್ಲಿ ಪರೀಕ್ಷೆಯೇ ಬೇಡ, ಎಲ್ಲವನ್ನೂ ತೆಗೆದು ಹೊಸದು ಹಾಕಿ. ನಂಬರ್ ಬೇರಿಂಗ್ ಮೇಲೆಯೇ ಇರುತ್ತದೆ, ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವ 2ಆರ್‌ಎಸ್ ಕೇಳಿ. ಹ್ಯಾಂಡಲ್ ತಿರುಗುವ ಬುಡದ ಬೇರಿಂಗು, ಅಂದರೆ ಬಾಲ್ ರೇಸ್ ಹೋಗಿದ್ದರೆ ಹ್ಯಾಂಡಲ್ ನಟ್ಟನಡುವೆ ಒಂದು ಹಳ್ಳಕ್ಕೆ ಬಿದ್ದಂತೆ ನಿಲ್ಲುತ್ತದೆ. ಹಿಂದಿನ ಸಸ್ಪೆನ್ಶನ್ ಲಿಂಕಿನ ನೀಡಲ್ ಬೇರಿಂಗನ್ನು ಮರೆಯುವವರೇ ಹೆಚ್ಚು. ಅಲ್ಲಿ ಗ್ರೀಸ್ ಇರುವುದಿಲ್ಲ, ಕೆಂಪು ಹುಡಿ ಇರುತ್ತದೆ. ಮೊದಲ ಮಾದರಿಯ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಉಕ್ಕಿನದ್ದು. ಚೈನ್ ಎಣ್ಣೆ ಮತ್ತು ಮುರಕಲ್ಲಿನ (ಜಂಬಿಟ್ಟಿಗೆಯ) ಹುಡಿ ಕಲಸಿ ಕೂತ ಅಡಿಭಾಗವನ್ನು ಕೆರೆದು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಸದ್ದು ಕೇಳಿ. ತುಕ್ಕು ಹಿಡಿದ ಚೈನು ಗುಜರಿಗೆ. ಟಯರಿನ ಕತೆ ಎರಡು ಮಾತಿನದ್ದು: ಪಕ್ಕದಲ್ಲಿ ನಾಲ್ಕು ಅಂಕೆಯ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷ ದಾಟಿದ್ದರೆ ಮೇಲ್ಮೈಯ ಗೆರೆ ಎಷ್ಟೇ ಆಳವಿದ್ದರೂ ಬೇಡ. ಮೂಲ ಅಳತೆ ಮುಂದೆ 80/90-17, ಹಿಂದೆ 100/80-17. ಅಂದಕ್ಕೆಂದು 130 ತುರುಕಿದರೆ ಸಪೂರ ರಿಮ್ಮಿನಲ್ಲಿ ಟಯರ್ ಚಿವುಟಿದ ಹಾಗಾಗಿ ವಾಲುವಾಗ ಹಿಡಿತ ಕೆಡುತ್ತದೆ.

ಈಗ ಪೆಟ್ರೋಲು. ಟ್ಯಾಂಕಿನಲ್ಲಿ ಉಳಿದದ್ದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಇಡಿ. ಎಥನಾಲ್ ಬೆರೆತ ಪೆಟ್ರೋಲು ತೇವ ಎಳೆದು, ಒಂದು ಹಂತ ದಾಟಿದ ಮೇಲೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಕೆಳಗಿಳಿಯುತ್ತವೆ. ಬಾಟಲಿಯಲ್ಲಿ ಎರಡು ಪದರ ಸ್ಪಷ್ಟ ಕಾಣುತ್ತದೆ. ಆ ಕೆಳಗಿನ ಪದರದಲ್ಲಿ ಮುಳುಗಿ ನಿಂತದ್ದು ಟ್ಯಾಂಕಿನೊಳಗಿನ ಫ್ಯುಯಲ್ ಪಂಪು. ತಿರುಗದ ಪಂಪಿಗೆ ಬ್ಯಾಟರಿ ಕೊಟ್ಟು ಒದ್ದಾಡಿಸಬೇಡಿ, ಹೊಸದೇ ಹಾಕಿ, ಜೊತೆಗೆ ಸ್ಟ್ರೇನರ್, ಫ್ಯುಯಲ್ ಹೋಸ್, ಇಂಜೆಕ್ಟರಿನ ಓರಿಂಗ್ ಸಹ.

ಟ್ಯಾಂಕಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಸಾಕು, ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ನಿಂಬೆ ಹುಳಿಯ ಉಪ್ಪು. ಪಂಪು ತೆಗೆದು ತೂತನ್ನು ರಬ್ಬರ್ ಮತ್ತು ತಗಡಿನಿಂದ ಮುಚ್ಚಿ. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ 12 ಲೀಟರ್ ಟ್ಯಾಂಕಿಗೆ 600 ಗ್ರಾಂ, ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಕರಗಿಸಿ ಬಾಯಿಮಟ್ಟ ತುಂಬಿಸಿ ಒಂದು ರಾತ್ರಿ ಬಿಡಿ. ಚೆಲ್ಲಿ, ಸೋಡಾಹುಡಿ ನೀರಿನಿಂದ ತೊಳೆದು, ಕೂಡಲೇ ಹೇರ್ ಡ್ರೈಯರ್ ಹಿಡಿದು ಒಣಗಿಸಿ. ಒಣಗಿಸಲು ನಾಳೆಗೆ ಬಿಟ್ಟರೆ ನಮ್ಮ ಹವೆಯಲ್ಲಿ ಬೆಳಗಾಗುವಾಗ ಮತ್ತೆ ಕಿತ್ತಳೆ ಬಣ್ಣ. ಒಣಗಿದ ಕೂಡಲೇ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ಕುಲುಕಿ, ಪಂಪು ಕೂರಿಸುವ ಮೊದಲು ಪೆಟ್ರೋಲಿನಿಂದ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ ಮಾರಾಯ್ರೇ.

ಎಂಜಿನ್ ತಿರುಗಿಸುವ ಮೊದಲು ಪ್ಲಗ್ ತೆಗೆದು 5ರಿಂದ 10 ಮಿಲಿಲೀಟರ್ ಆಯಿಲ್ ಬಿಟ್ಟು ಒಂದು ದಿನ ಕಾಯಿರಿ. ಆಮೇಲೆ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸೆಲ್ಫ್ ಮುಟ್ಟಬೇಡಿ. ನಯವಾಗಿ ತಿರುಗಿದರೆ ಆಯಿಲ್, ಫಿಲ್ಟರ್ ಬದಲಿಸಿ (ಫಿಲ್ಟರ್ ಸಹಿತ ಸುಮಾರು ಒಂದು ಲೀಟರ್), ನಂತರ ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ನೋಡಿ. ಕಡಿಮೆ ಬಂದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಆಗ ಏರಿದರೆ ರಿಂಗು ಇಲ್ಲವೇ ಸಿಲಿಂಡರ್, ಏರದಿದ್ದರೆ ವಾಲ್ವು. ಒಂದು ಎಚ್ಚರಿಕೆ: ಈ ಎಂಜಿನಿನದು ಡಯಾಸಿಲ್ ಸಿಲಿಂಡರ್, ಕಬ್ಬಿಣದ ಲೈನರ್ ಇಲ್ಲ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಗೋಡೆಯ ಮೇಲೆಯೇ ಪಿಸ್ಟನ್ ಓಡುತ್ತದೆ. ಹಳೇ ಆರ್‌ಎಕ್ಸ್100ಗೆ ಮಾಡಿದ ಹಾಗೆ ಲೇತಿಗೆ ಒಯ್ದು ಬೋರ್ ಮಾಡಿಸುವ ವಿಷಯವೇ ಇಲ್ಲ. ಗೀರು ಬಿದ್ದಿದ್ದರೆ ಬ್ಲಾಕು ಪಿಸ್ಟನ್ ಎರಡೂ ಹೊಸದು, ಬೈಕಿನ ದರ ಮಾತಾಡುವಾಗಲೇ ಇದು ತಲೆಯಲ್ಲಿರಲಿ.

ಕೂಲೆಂಟ್ ಬದಲು ಬಾವಿನೀರು ತುಂಬಿಸಿ ಓಡಿಸಿದ ಬೈಕುಗಳೂ ಸಿಗುತ್ತವೆ. ಮುರಕಲ್ಲಿನ ಬಾವಿಯ ನೀರು ಕುಡಿಯಲು ಚಂದ, ಆದರೆ ಸಾಮಾನ್ಯವಾಗಿ ತುಸು ಆಮ್ಲೀಯ, ಅಲ್ಯೂಮಿನಿಯಂಗೆ ಆಗುವುದಿಲ್ಲ. ರೇಡಿಯೇಟರ್ ಬಿಚ್ಚಿದಾಗ ಬೂದು ಕೆಸರು ಬಂದರೆ ವಾಟರ್ ಪಂಪಿನ ಸೀಲ್ ಬದಲಿಸಿಯೇ ಮುಂದೆ ಹೋಗಿ. ವಯರಿಂಗಿನಲ್ಲಿ ಹುಡುಕಬೇಕಾದದ್ದು ಇಲಿ ಕಡಿದ ಜಾಗ ಮತ್ತು ಹಸಿರು ಕಟ್ಟಿದ ಕನೆಕ್ಟರ್. ಅರ್ಥ್ ಬೋಲ್ಟಿನ ಬುಡ ಉಜ್ಜಿ, 5000 ಆರ್‌ಪಿಎಮ್‌ನಲ್ಲಿ ಬ್ಯಾಟರಿಗೆ 14 ವೋಲ್ಟ್ ಆಸುಪಾಸು ಬಂದರೆ ಅಷ್ಟು ಸಾಕು.

ಟ್ರ್ಯಾಕಿಗೆ ಹೋಗುವ ವಾರ ಕನ್ನಡಿ, ನಂಬರ್ ಪ್ಲೇಟ್, ಸೈಡ್ ಸ್ಟ್ಯಾಂಡ್ ಕಳಚಿ, ಗಾಜಿಗೆಲ್ಲ ಟೇಪ್ ಅಂಟಿಸಿ. ಆಯಿಲ್ ಡ್ರೈನ್ ಬೋಲ್ಟ್ ಮತ್ತು ಕ್ಯಾಲಿಪರ್ ಬೋಲ್ಟುಗಳ ತಲೆಗೆ 1.5 ಮಿಲಿಮೀಟರ್ ತೂತು ಕೊರೆದು 0.8 ಮಿಲಿಮೀಟರ್ ಸ್ಟೀಲ್ ತಂತಿಯಿಂದ, ತಾನಾಗಿ ಸಡಿಲಾಗದ ಹಾಗೆ, ಬಿಗಿಯುವ ದಿಕ್ಕಿಗೆ ಎಳೆದು ಕಟ್ಟಿ. ಕೂಲೆಂಟಿನ ಗ್ಲೈಕಾಲ್ ಟ್ರ್ಯಾಕಿಗೆ ಚೆಲ್ಲಿದರೆ ಹಿಂದಿನಿಂದ ಬರುವವರಿಗೆ ಅದು ಎಣ್ಣೆಯಿದ್ದ ಹಾಗೆ. ಅದನ್ನು ತೆಗೆದು ಡಿಸ್ಟಿಲ್ಡ್ ನೀರು ತುಂಬಿಸಿ. ಪಿಕಪ್‌ನಲ್ಲಿ ಕಟ್ಟುವಾಗ ಫೋರ್ಕನ್ನು ಅರ್ಧಕ್ಕಿಂತ ಹೆಚ್ಚು ಒತ್ತಬೇಡಿ, ಒತ್ತಿದರೆ ಕಲ್ಲಿಕೋಟೆ, ಪಾಲಕ್ಕಾಡ್ ದಾಟುವಷ್ಟರಲ್ಲಿ ಹೊಸ ಸೀಲು ಸೋರಲು ಶುರುವಾಗುತ್ತದೆ. ಮೊದಲ ಸೆಶನ್ ಮುಗಿಸಿ ಬಂದ ಕೂಡಲೇ, ಟಯರ್ ಬಿಸಿಯಿರುವಾಗಲೇ ಗಾಳಿ ಅಳೆಯಿರಿ, ಕೈಯಲ್ಲಿ ಸ್ಪಾನರ್ ಹಿಡಿದು ಆಕ್ಸಲ್, ಕ್ಯಾಲಿಪರ್, ಹ್ಯಾಂಡಲ್ ಬೋಲ್ಟು ಒಂದು ಸುತ್ತು ನೋಡಿ.

ಊರಿಗೆ ತಲುಪಿದ ದಿನವೇ ಆ ನೀರನ್ನು ಇಳಿಸಿ ಮತ್ತೆ ಕೂಲೆಂಟ್ ಹಾಕಿ, ನಾಳೆ ನಾಡಿದ್ದು ಎಂದರೆ ಒಳಗೆ ತುಕ್ಕು ಶುರು. ಮುಂದಿನ ಟ್ರ್ಯಾಕ್ ದಿನ ಮಳೆಗಾಲ ಕಳೆದ ಮೇಲೆಯಾದರೆ ಟ್ಯಾಂಕ್ ಖಾಲಿ ಮಾಡಿ, ಒಳಗೆ ಎಣ್ಣೆ ಸವರಿ, ಬ್ಯಾಟರಿ ಕಳಚಿ ಮನೆಯೊಳಗಿಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಬಟ್ಟೆಗೆ ಒಂದು ಉದ್ದದ ಕೆಂಪು ನೂಲು ಕಟ್ಟಿ ಹೊರಗೆ ನೇತಾಡಲು ಬಿಡಿ, ಸ್ಟಾರ್ಟ್ ಮಾಡುವ ಹುರುಪಿನಲ್ಲಿ ಬಟ್ಟೆ ತೆಗೆಯಲು ಮರೆಯುವವರೇ ಹೆಚ್ಚು.