ಅರ್ಧಂಬರ್ಧ ಇರೋವಾಗ್ಲೇ ತೋರಿಸಿ

ಹವ್ಯಾಸಕ್ಕೆ ಮಣ್ಣಲ್ಲಿ ಮೂರ್ತಿ ಮಾಡೋರು, ಆಫೀಸ್ ಮುಗಿಸ್ಕೊಂಡ್ ಬಂದು ರಾತ್ರಿ ಬ್ಲೆಂಡರ್ ಅನ್ನೋ 3D ಸಾಫ್ಟ್‌ವೇರಲ್ಲಿ ಅನಿಮೇಷನ್ ಮಾಡೋರು, ಇಬ್ರೂ ನನ್ನ ಕೇಳೋದು ಒಂದೇ: "ಪೂರ್ತಿ ಮುಗಿಸಿ ತೋರಿಸ್ಲಾ, ಈಗ್ಲೇ ತೋರಿಸ್ಲಾ? ಮುಗಿಸಿ ತೋರಿಸಿದ್ರೆ ಎಲ್ರೂ ಸೂಪರ್ ಅಂದು ಸುಮ್ನಾಗ್ತಾರೆ."

ಈಗ್ಲೇ ತೋರಿಸಿ ಮಾರಾಯ್ರೇ. ಬಣ್ಣ ಹಚ್ಚಿ ವಾರ್ನಿಶ್ ಹೊಡೆದಿರೋದನ್ನ ಮುಂದಿಟ್ರೆ ಪಾಪ ಅವರಾದ್ರೂ ಇನ್ನೇನ್ ಹೇಳ್ತಾರೆ?

ಮಣ್ಣಲ್ಲಂತೂ ಟೈಮ್ ನಮ್ಮ ಕೈಲಿರಲ್ಲ. ಕುಂಬಾರ ಮಣ್ಣು ಒಣಗ್ತಾ ಕುಗ್ಗುತ್ತೆ, ಒಳಗೆ ಆಸರೆಗೆ ಇಟ್ಟಿರೋ ತಂತಿ ಕುಗ್ಗಲ್ಲ, ಅದಕ್ಕೇ ಕುತ್ತಿಗೆ, ಮೊಣಕೈ ಹತ್ರ ಬಿರುಕು ಬಿಡೋದು. ಪಾಲಿಮರ್ ಕ್ಲೇ (ಓವನ್ನಲ್ಲಿ ಬೇಯಿಸಿ ಗಟ್ಟಿ ಮಾಡೋ ಪ್ಲಾಸ್ಟಿಕ್ ಮಣ್ಣು) ಆದ್ರೆ ಸುಮಾರು 130 ಡಿಗ್ರಿ ಓವನ್ನಿಗೆ ಹೋಗಿ ಬಂದ್ಮೇಲೆ ಮುಗೀತು, ಆಮೇಲೆ ಕೆತ್ತೋದು, ಉಜ್ಜೋದು, ಇಲ್ಲಾ ಮೇಲೆ ಹೊಸ ಕ್ಲೇ ಹಚ್ಚಿ ಮತ್ತೆ ಬೇಯಿಸೋದು ಅಷ್ಟೇ, ಹಸಿ ಇದ್ದಾಗಿನ ಹಾಗೆ ಒತ್ತಿ ತಿದ್ದಕ್ಕಾಗಲ್ಲ. ಹೊಸಬರು ಮಾಡಿದ ಮುಖದಲ್ಲಿ ತುಂಬಾ ಸಲ ಕಣ್ಣು ಮೇಲೆ ಹೋಗಿ ಕೂತಿರುತ್ತೆ, ನಿಜಕ್ಕೂ ಕಣ್ಣು ಇರೋದು ತಲೆಯ ಹೆಚ್ಚುಕಮ್ಮಿ ಮಧ್ಯ, ಹಸಿ ಇದ್ದಾಗ ಯಾರಾದ್ರೂ ಹೇಳಿದ್ರೆ ನೆತ್ತಿಗೆ ಒಂದು ಮುಷ್ಟಿ ಮಣ್ಣು ಹಾಕಿದ್ರೆ ಸಾಕು, ರೆಪ್ಪೆ ಗಿಪ್ಪೆ ಎಲ್ಲ ಕೆತ್ತಿ ಆದ್ಮೇಲೆ ಕಿತ್ತು ಮಾಡಕ್ಕೆ ಯಾರಿಗೂ ಮನಸ್ಸು ಬರಲ್ಲ. ಗಣೇಶನ ಹಬ್ಬಕ್ಕೆ ಮುಂಚೆ ಬೆಂಗಳೂರಿನ ಪಾಟರಿ ಟೌನಿಗೆ ಹೋಗಿ ಬಣ್ಣ ಇಲ್ಲದ ಗಣಪತಿಗಳನ್ನ ನೋಡಿ, ಸೊಂಡಿಲು ಎಲ್ಲಿ ತಿರುಗಿದೆ, ಹೊಟ್ಟೆ ಭಾರ ಎಲ್ಲಿ ಕೂತಿದೆ ಅನ್ನೋದು ಆವಾಗ ಕಾಣಿಸೋಷ್ಟು ಆಮೇಲೆ ಕಾಣಲ್ಲ.

ಫೋಟೋ ಮಾತ್ರ ನೆಟ್ಟಗೆ ತೆಗೀರಿ. ಫೋನ್ ಮೂಗಿನ ಹತ್ರ ಹಿಡಿದ್ರೆ ಮೂಗೇ ದಪ್ಪ ಕಾಣುತ್ತೆ, ಬೈಸ್ಕೊಳ್ಳೋದು ನೀವು. ಒಂದೆರಡು ಮೀಟರ್ ಹಿಂದೆ ನಿಂತು ಝೂಮ್ ಮಾಡಿ, ಬೆಳಕು ಒಂದೇ ಪಕ್ಕದ ಕಿಟಕಿಯಿಂದ ಬರ್ಲಿ, ಫ್ಲ್ಯಾಶ್ ಬೇಡ್ವೇ ಬೇಡ. ಬೆನ್ನೂ ತೋರಿಸಿ, ಯಾರೂ ತೋರಿಸಲ್ಲ ಅದನ್ನ!

ಅನಿಮೇಷನ್ನಲ್ಲಿ ಇನ್ನೂ ಸುಲಭ. ಬ್ಲಾಕಿಂಗ್ ಹಂತದಲ್ಲೇ, ಅಂದ್ರೆ ಚಲನೆಯ ಕಚ್ಚಾ ರೂಪ ಇರೋವಾಗ್ಲೇ ತೋರಿಸಿ: ಬೂದು ಬಣ್ಣದ ಮಾಡೆಲ್ಲು, ಬರೀ ಮುಖ್ಯ ಪೋಸುಗಳು, ವ್ಯೂಪೋರ್ಟ್ ರೆಂಡರ್ (ಕೆಲಸ ಮಾಡೋ ಪರದೇಲಿ ಕಾಣೋದನ್ನೇ ಬೇಗ ವಿಡಿಯೋ ಮಾಡೋದು) ಸಾಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಹತ್ತು ಸೆಕೆಂಡ್ ಅಂದ್ರೆ 240 ಫ್ರೇಮು, ಒಂದೊಂದು ಫ್ರೇಮನ್ನೂ ಕಂಪ್ಯೂಟರ್ ಪೂರ್ತಿ ಚಿತ್ರ ಮಾಡ್ಲಿ ಅಂತ ರಾತ್ರಿಯಿಡೀ ರೆಂಡರ್ ಹಾಕಿ ಬೆಳಗ್ಗೆ "ಕಾಲು ನೆಲದ ಮೇಲೆ ಜಾರ್ತಿದೆ" ಅನ್ನಿಸ್ಕೊಳ್ಳೋ ಕರ್ಮ ಯಾಕೆ? ಮೇಲ್ಮೈಯ ಬಣ್ಣ, ಟೆಕ್ಸ್ಚರ್ ಇದ್ರೆ ಜನ ಕೂದಲು, ಲೈಟಿಂಗ್ ಬಗ್ಗೇನೇ ಮಾತಾಡ್ತಾರೆ, ನಡೆಯೋವಾಗ ಸೊಂಟ ಮೇಲೆ ಕೆಳಗೆ ಆಗ್ತಾನೇ ಇಲ್ಲ ಅನ್ನೋದು ಯಾರ ಕಣ್ಣಿಗೂ ಬೀಳಲ್ಲ.

"ಹೇಗಿದೆ?" ಅಂತ ಕೇಳ್ಬೇಡಿ, "ಚೆನ್ನಾಗಿದೆ" ಅಂತಾರೆ, ಕತೆ ಮುಗೀತು. "ಆ ಮೂಟೆ ಭಾರ ಇದೆ ಅನ್ಸುತ್ತಾ?", "ಈ ಅಜ್ಜಿಗೆ ಎಷ್ಟ್ ವಯಸ್ಸು ಅನ್ಸುತ್ತೆ?" ಅಂತ ಕೇಳಿ. ಕಲೆ ಗೊತ್ತಿಲ್ಲದೋರೂ ಇದಕ್ಕೆ ಉತ್ತರ ಕೊಡ್ತಾರೆ, ನನ್ನ ಕೇಳಿದ್ರೆ ಅವರ ಉತ್ತರಾನೇ ವಾಸಿ. ಆದ್ರೆ ಅವರು ಹೇಳಿದ ರಿಪೇರೀನ ಹಾಗೇ ಮಾಡಕ್ ಹೋಗ್ಬೇಡಿ. "ಕಣ್ಣು ಸರಿ ಇಲ್ಲ" ಅಂದ್ರೆ ಎಷ್ಟೋ ಸಲ ಕಣ್ಣು ಸರಿಯಾಗೇ ಇರುತ್ತೆ, ಹುಬ್ಬಿನ ಮೂಳೆ ಮುಂದೆ ಬಂದಿರಲ್ಲ ಅಷ್ಟೇ. ಏನೋ ಎಡವಟ್ಟಾಗಿದೆ ಅನ್ನೋದು ಅವರಿಗೆ ಗೊತ್ತಾಗುತ್ತೆ, ಎಲ್ಲಿ ಅನ್ನೋದು ನೀವೇ ಹುಡುಕ್ಬೇಕು.

ಇಬ್ಬರು ಮೂವರು ಒಂದೇ ಜಾಗ ತೋರಿಸಿದ್ರೆ ವಾದ ಮಾಡ್ದೆ ಸರಿ ಮಾಡಿ. ಒಬ್ರೇ ಹೇಳಿದ್ರೆ ಫೋಟೋನ ಕನ್ನಡೀಲಿ ಕಂಡ ಹಾಗೆ ಎಡ-ಬಲ ಫ್ಲಿಪ್ ಮಾಡಿ ನೋಡಿ, ಆಗ್ಲೂ ನಿಮಗೆ ಏನೂ ಕಾಣದೆ ಇದ್ರೆ ಬಿಟ್ಹಾಕಿ.