ಐನೂರರ ಡೀಸೆಲ್ಲು

14 ಜುಲೈ 2025, ಸೋಮವಾರ ರಾತ್ರಿ

ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿಲ್ಲ. ಪುನರ್ವಸು ಮಳೆ ಈ ಸಲ ಬಿಡುವು ಕೊಡುವ ಲಕ್ಷಣ ಇಲ್ಲ. ಅಡಿಕೆಗೆ ಎರಡನೇ ಔಷಧಿ ಹೊಡೆಯುವುದು ಬಾಕಿ. ಮೈಲುತುತ್ತ, ಸುಣ್ಣ ತಂದು ಕೊಟ್ಟಿಗೆಯಲ್ಲಿಟ್ಟು ಹತ್ತು ದಿನ ಆಯ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ದಿನಾ ಬಂದು ಆಕಾಶ ನೋಡಿ, ಕವಳ ಹಾಕಿ ಹೋಗುತ್ತಾನೆ.

ಬರೆಯಲು ಕೂತಿದ್ದು ಅದಕ್ಕಲ್ಲ. ಜೀಪು ಯಾಕೆ ನಿಲ್ಲುತ್ತಿತ್ತು ಅಂತ ಇವತ್ತು ಗೊತ್ತಾಯಿತು.

ಮೇ ತಿಂಗಳಿಂದ ಅದೇ ಕಾಟ. ದಿನಾ ಕೆಡುವ ಗಾಡಿಯಾದರೆ ಹೇಗೋ ಸುಧಾರಿಸಬಹುದು, ಇದು ದಿನಾ ಕೆಡುವುದಿಲ್ಲ. ನಾಲ್ಕು ದಿನ ಸುಸೂತ್ರ. ಐದನೇ ದಿನ ನಮ್ಮ ಮನೆಯ ಏರು ಹತ್ತುವಾಗ ಗದಗದ ನಡುಗಿ, ಬಿಳಿ ಹೊಗೆ ಕೆಮ್ಮಿ, ಆಕ್ಸಿಲೇಟರ್ ಎಷ್ಟು ಒತ್ತಿದರೂ ಏಳದೆ ನಿಂತೇಬಿಡುತ್ತದೆ. ಬಾನೆಟ್ ಎತ್ತಿ, ಫಿಲ್ಟರಿನ ಮೇಲಿನ ಬೋಲ್ಟು ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿ, ಒಳಗೆ ಸೇರಿದ ಏರ್ ಹೊರಗೆ ಬಿಡಬೇಕು. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ಮೆಕ್ಯಾನಿಕ್ ಬಂದು ನೋಡುವಾಗಂತೂ ಎಂತದೂ ಇಲ್ಲ. ರಾತ್ರಿಯಿಡೀ ಅತ್ತ ಮಗು ಡಾಕ್ಟರ ಎದುರು ನಗಾಡಿದ ಹಾಗೆ.

ಎರಡು ಫಿಲ್ಟರ್ ಬದಲಾದವು. ಬೋಲ್ಟಿನ ತಾಮ್ರದ ವಾಶರುಗಳು, ರಬ್ಬರ್ ಪೈಪು ಎಲ್ಲ ಹೊಸತು. ಇಂಜಿನ್ ಓಡುತ್ತಿರುವಾಗಲೇ ಡೀಸೆಲ್ ಚಿಮ್ಮಿಸುವ ಒಂದೊಂದೇ ನೋಸಲಿನ ಪೈಪಿನ ನಟ್ಟು ಸಡಿಲಿಸಿ ನೋಡಿದ್ದೂ ಆಯ್ತು. ಯಾವುದನ್ನು ಸಡಿಲಿಸಿದರೆ ಇಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದು ಸತ್ತ ನೋಸಲ್. ನಮ್ಮದು ನಾಲ್ಕಕ್ಕೆ ನಾಲ್ಕೂ ಜೀವಂತ. ಇಷ್ಟಾದರೂ ಇಂಜಿನ್ನಿನ ಡೀಸೆಲ್ ಪಂಪು ರಿಪೇರಿ ಮಾಡುವ ಅಂಗಡಿಯವ ಬಾನೆಟ್ ಸಹ ಎತ್ತದೆ, “ಪಂಪ್ ಹೋಗಿದೆ, ಇಳಿಸ್ಬೇಕು, 22 ಸಾವಿರ ಇಟ್ಕೊಳ್ಳಿ” ಅಂದ. ಇಟ್ಕೊಳ್ಳಿ ಅಂತೆ. ಎಲ್ಲಿಂದ ಇಟ್ಕೊಳ್ಳೋದು?

ಇವತ್ತು ಮುದಿ ಮೇಸ್ತ್ರಿಯವರ ಹತ್ತಿರ ಹೋದೆ. ಈಗ ಅವರು ಕೈಗೆ ಸ್ಪ್ಯಾನರ್ ಹಿಡಿಯುವುದು ಕಡಿಮೆ, ಮಗನ ಶೆಡ್ಡಿನಲ್ಲಿ ಹಳೇ ಟಯರಿನ ಮೇಲೆ ಕೂತು ಬೈಯುವುದೇ ಹೆಚ್ಚು. ಅವರೂ ಬಾನೆಟ್ ಎತ್ತಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು.

“ಯಾವಾಗ ನಿಲ್ತದೆ?”

“ಯಾವಾಗ್ಲೂ ಅಲ್ಲ, ಒಂದೊಂದ್ಸಲ.”

“ಒಂದೊಂದ್ಸಲ ಅಂದ್ರೆ ಯಾವಾಗ? ಬಿಸಿ ಆದ್ಮೇಲಾ, ತಣ್ಣಗಿದ್ದಾಗ್ಲಾ? ಏರಲ್ಲಾ, ಸಪಾಟಲ್ಲಾ? ಟ್ಯಾಂಕಲ್ಲಿ ಎಷ್ಟಿತ್ತು?”

ಮೀಟರಿನ ಮುಳ್ಳು ಕೆಲಸ ನಿಲ್ಲಿಸಿ ಎರಡು ವರ್ಷ ಆಯ್ತು. “ಇತ್ತು, ಖಾಲಿ ಏನೂ ಆಗಿರ್ಲಿಲ್ಲ” ಅಂದೆ.

“ಖಾಲಿ ಆಗಿದ್ರೆ ನನ್ ಹತ್ರ ಯಾಕೆ ಬರ್ತಿದ್ರಿ, ಬಂಕಿಗೆ ಹೋಗ್ತಿದ್ರಿ. ಎಷ್ಟಿತ್ತು?”

ತೋಟದ ಲೆಕ್ಕದ ಪುಸ್ತಕ ಜೇಬಿನಲ್ಲಿತ್ತು. ಬಾಯಿ ಮುಚ್ಚಿಸಿಕೊಂಡ ಮರ್ಯಾದೆಗೆ ತೆಗೆದು ಓದತೊಡಗಿದೆ. ಡೀಸೆಲ್ 500. ಡೀಸೆಲ್ 1000. ಜೀಪು ನಿಂತಿತು, ಆಟೋ 250. ಮಾರನೇ ದಿನ ಡೀಸೆಲ್ 500. ಜೀಪು ನಿಂತಿತು. ಡೀಸೆಲ್ 500. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನ್ನ ದನಿ ತನ್ನಿಂತಾನೇ ಸಣ್ಣದಾಯಿತು. ನಿಂತ ದಿನಗಳೆಲ್ಲ ಡೀಸೆಲ್ ಹಾಕಿಸುವ ಹಿಂದಿನ ದಿನಗಳು. ನಡುವೆ ಒಂದೇ ಒಂದು ಕಡೆ ‘ಫುಲ್ – ಭಾವ’ ಅಂತಿದೆ. ಹೋದ ತಿಂಗಳು ಭಾವ ಧರ್ಮಸ್ಥಳಕ್ಕೆ ಒಯ್ದಿದ್ದರು. ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಘಟ್ಟ ಇಳಿದು ಮತ್ತೆ ಹತ್ತಿ ಬಂದರೂ ಜೀಪು ಒಂದು ಸಲ ಕೆಮ್ಮಿರಲಿಲ್ಲ. ಕೀಲಿ ಕೈಗಿಟ್ಟು, “ಗಾಡಿ ಸರಿ ಇದೆ ಮಾರಾಯ, ಓಡ್ಸೋ ಕೈ ಬೇಕು” ಅಂದಿದ್ದರು. ಆ ಮಾತನ್ನು ಒಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೇನೆ.

ಮೇಸ್ತ್ರಿ ಎದ್ದರು. 5 ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಟ್ಯಾಂಕಿನ ಪೈಪು ಬಿಡಿಸಿ, ಕ್ಯಾನಿನಿಂದ, ಡೀಸೆಲ್ ಎಳೆದುಕೊಳ್ಳುವ ಫೀಡ್ ಪಂಪಿಗೆ ನೇರ ಪೈಪು ಕೊಡಿಸಿದರು. ಬಸ್ ಸ್ಟ್ಯಾಂಡಿನ ಹಿಂದಿನ ಏರನ್ನು ನಾಲ್ಕು ಸಲ ಹತ್ತಿಸಿದೆ. ಬೆಣ್ಣೆ. ವಾಪಸು ಟ್ಯಾಂಕಿಗೇ ಜೋಡಿಸಿ, ನಡುವೆ ಗೇಣುದ್ದದ ಪಾರದರ್ಶಕ ಪೈಪು ಹಾಕಿದರು. ಸಪಾಟಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆ ಆಗೊಂದು ಈಗೊಂದು. ಜೀಪಿನ ಮೂತಿ ಮೇಲೆ ಮಾಡಿ ಏರಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟದ್ದೇ, ಗುಳ್ಳೆಗಳು ಸರ ಕಟ್ಟಿಕೊಂಡು ಬಂದವು.

“ಡೀಸೆಲ್ ಸೋರಿದ್ರೆ ಎಲ್ರಿಗೂ ಕಾಣ್ತದೆ. ಇದು ಎಳ್ಕೊಳ್ಳೋ ಬದಿ. ಇಲ್ಲಿ ಡೀಸೆಲ್ ಹೊರಗೆ ಬರೋದಿಲ್ಲ, ಗಾಳಿ ಒಳಗೆ ಹೋಗ್ತದೆ.”

ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹಚ್ಚುವ ಪ್ಲಗ್ ಡೀಸೆಲಿಗಿಲ್ಲ. ಹಿಂಡಿ ಕಾಯಿಸಿದ ಗಾಳಿಗೆ ಡೀಸೆಲ್ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಚಿಮ್ಮಬೇಕಾದರೆ ನೋಸಲ್ ಬಾಯಿ ತೆರೆಯಬೇಕು, ಇಂಥ ಹಳೇ ಇಂಜಿನ್ನಿನಲ್ಲಿ ಅದಕ್ಕೆ 200 ಬಾರ್ ಆಸುಪಾಸಿನ ಒತ್ತಡ ಬೇಕು. ಡೀಸೆಲ್ ಹಿಂಡಿದರೆ ಮುದುಡುವುದಿಲ್ಲ, ಗಾಳಿ ಮುದುಡುತ್ತದೆ. ಪೈಪಿನಲ್ಲಿ ಗಾಳಿ ಸೇರಿತೋ, ಪಂಪು ಎಷ್ಟು ತಳ್ಳಿದರೂ ಸ್ಪಂಜು ಒತ್ತಿದ ಹಾಗೆ.

ಟ್ಯಾಂಕಿನೊಳಗೆ ಇಳಿಬಿಟ್ಟ ಕಬ್ಬಿಣದ ಪೈಪು ಹೊರಗೆ ಬಂತು. ಮೇಸ್ತ್ರಿ ಒರೆಸಿ, ತುದಿಗೆ ಹೆಬ್ಬೆರಳು ಒತ್ತಿ ಬಕೆಟ್ ನೀರಿನಲ್ಲಿ ಮುಳುಗಿಸಿ, ಮಗನಿಗೆ ಊದು ಅಂದರು. ತಳದಿಂದ ನಾಲ್ಕು ಬೆರಳು ಮೇಲೆ ನೂಲಿನಂತೆ ಒಂದು ಗುಳ್ಳೆಸಾಲು ಎದ್ದಿತು. ಉಗುರಿನಿಂದ ತುಕ್ಕು ಕೆರೆದರೆ ಸೂಜಿಮೊನೆಯಷ್ಟು ತೂತು. ಡೀಸೆಲ್ ಅದಕ್ಕಿಂತ ಮೇಲಿದ್ದಷ್ಟು ದಿನ ತೂತೂ ಡೀಸೆಲನ್ನೇ ಕುಡಿಯುತ್ತಿತ್ತು. ಕೆಳಗಿಳಿದರೆ, ಅಥವಾ ಏರಿನಲ್ಲಿ ಇದ್ದಷ್ಟೂ ಹಿಂದಕ್ಕೆ ಸರಿದರೆ, ಗಾಳಿ. ಅದಕ್ಕೆ 22 ಸಾವಿರ!

ಹಿತ್ತಾಳೆ ಬೆಸುಗೆಗೆ 150. ಎಲ್ಲ ಸೇರಿ 400 ತಗೊಂಡರು, ಚಹಾ ಅವರದೇ.

ಟ್ಯಾಂಕಿನ ತಳದ ಬೋಲ್ಟು ಬಿಚ್ಚಿದಾಗ ಮೊದಲು ಬಂದದ್ದು ಡೀಸೆಲ್ ಅಲ್ಲ, ಒಂದು ಲೋಟದಷ್ಟು ಕಂದು ನೀರು. ಮಳೆಗಾಲದಲ್ಲಿ ಟ್ಯಾಂಕಿನ ಖಾಲಿ ಜಾಗದ ಗಾಳಿಯಲ್ಲಿರುವ ಪಸೆ ತಗಡಿಗೆ ಬೆವರಿ ತಳಕ್ಕಿಳಿಯುತ್ತದಂತೆ. ಅಪ್ಪಯ್ಯ ಜೀಪು ಓಡಿಸುತ್ತಿದ್ದಾಗ ಮೃಗಶಿರ ಮಳೆಗೆ ಮೊದಲೇ ಟ್ಯಾಂಕ್ ತುಂಬಿಸಿಬಿಡುತ್ತಿದ್ದರು. ನನಗೆ ಅದು ದೌಲತ್ತು ಅಂತ ಕಾಣುತ್ತಿತ್ತು. ಈಗಲೂ ನಾನು ಹೊರಟಾಗೆಲ್ಲ ಜಗಲಿಯಿಂದ “ತುಂಬ್ಸಿದ್ಯಾ?” ಅಂತ ಕೇಳುತ್ತಾರೆ. ಇವತ್ತು ಬಂದವನು ತೂತಿನ ಸುದ್ದಿ ಹೇಳಿದೆ, ನೀರಿನ ಸುದ್ದಿ ಹೇಳಲಿಲ್ಲ.

ಗುರುವಾರ ಅಮ್ಮನನ್ನು ಮಣಿಪಾಲಕ್ಕೆ ಕರೆದೊಯ್ಯಬೇಕು. ಆಗುಂಬೆ ಘಾಟಿ, 14 ತಿರುವು. ಹೋದ ಸಲ ವಾಪಸು ಬರುವಾಗ ರಾತ್ರಿ ಎಂಟಕ್ಕೆ, ಒಂದು ಮನೆಯ ದೀಪವೂ ಕಾಣದ ಜಾಗದಲ್ಲಿ ನಿಂತಿತ್ತು. ಅಮ್ಮ ಇಳಿದು ಬಂದು ಕೊಡೆ ಹಿಡಿದಳು. ನನಗಲ್ಲ, ಇಂಜಿನ್ನಿಗೆ ಹಿಡಿ ಅಂತ ರೇಗಿದೆ. ಹಾಗೇ ಹಿಡಿದಳು. ನಾನು ಏರ್ ಬಿಟ್ಟು ಮುಗಿಸುವಷ್ಟರಲ್ಲಿ ಅವಳ ಸೀರೆ ಮೊಣಕಾಲಿನವರೆಗೂ ತೊಯ್ದು ಹೋಗಿತ್ತು, ಒಂದು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ “ಇಂಜಿನ್ನು ನೆನೀಲಿಲ್ಲ ಅಲ್ದಾ?” ಅಂದಳು, ಅಷ್ಟೇ.

ಸರಿಯಾಯಿತು ಅಂತ ಹೇಳುವುದಕ್ಕೂ ಹೆದರಿಕೆ. ದಿನಾ ನಿಲ್ಲುವ ಗಾಡಿ ಇವತ್ತು ಓಡಿದರೆ ಸರಿಯಾಯಿತು ಅನ್ನಬಹುದು. ಇದು ಮೊದಲೂ ನಾಲ್ಕು ದಿನ ಓಡುತ್ತಿತ್ತಲ್ಲ?

ಭಾವ ಈಗಷ್ಟೇ ಫೋನ್ ಮಾಡಿದ್ದರು. ಗುರುವಾರ ತಾನೇ ಓಡಿಸುತ್ತಾರಂತೆ. ತೂತಿನ ಕತೆ ಹೇಳೋಣ ಅಂತ ಬಾಯಿ ತೆರೆದೆ, ಲೈನು ಕಟ್ಟಾಯಿತು.

ಬೆಳಿಗ್ಗೆ ಬಂಕಿಗೆ ಹೋಗಬೇಕು. ಲೀಟರು 90 ದಾಟಿದೆ, ಫುಲ್ ಅಂದರೆ 5000 ಹತ್ತಿರ ಬರುತ್ತದೆ, ಔಷಧಿಯವರ ಸಂಬಳ ಬೇರೆ ಇದೆ. 2000ಕ್ಕೆ ಹಾಕಿಸಿದರೂ ತೂತಿಗಿಂತ ಮೇಲೆಯೇ ನಿಲ್ಲುತ್ತದೆ. ಆದರೆ ಈಗ ತೂತೇ ಇಲ್ಲವಲ್ಲ, ನಾನು ಯಾವ ಲೆಕ್ಕದಲ್ಲಿ